ಇಶಾಡ ಹಣ್ಣು ಘಟ್ಟ ಹತ್ತಿದ ಬಗೆ

ಹುಬ್ಬಳ್ಳಿಯಿಂದ ಪಶ್ಚಿಮ ದಿಕ್ಕಿಗೆ ಹೊರಟ ಹೆದ್ದಾರಿಯು ಕಲಘಟಗಿಯ ಬಯಲನ್ನು ದಾಟಿ, ಯಲ್ಲಾಪುರದ ಕಾಡನ್ನು ಹೊಕ್ಕು, ಅರಬೈಲು ಘಟ್ಟದ ತಿರುವುಗಳಲ್ಲಿ ಇಳಿದಿಳಿದು ಕೊನೆಗೆ ಅಂಕೋಲೆಯಲ್ಲಿ ಕಡಲಗಾಳಿಗೆ ಮುಖವೊಡ್ಡುತ್ತದೆ. ದಾರಿಯ ಕೆಳಭಾಗದಲ್ಲಿ ಗಂಗಾವಳಿಯು ಜೊತೆಗೂಡುತ್ತದೆ. ಧಾರವಾಡ-ಹುಬ್ಬಳ್ಳಿಗಳ ಕಡೆಯಲ್ಲಿ ಹುಟ್ಟಿ, ಬೇಡ್ತಿಯೆಂಬ ಹೆಸರಿನಿಂದ ಕಾಡಿನಲ್ಲಿ ಅಲೆದು, ಕರಾವಳಿಗೆ ಬಂದ ಮೇಲೆ ಹೆಸರು ಬದಲಿಸಿಕೊಂಡ ನದಿ ಇದು. ಘಟ್ಟದ ಮೇಲಿನಿಂದ ನೀರು ಕೆಳಕ್ಕೆ ಬರುವುದು ಪ್ರಕೃತಿಯ ನಿಯಮ. ಕೆಳಗಿನಿಂದ ಹಣ್ಣು ಮೇಲಕ್ಕೆ ಹೋಗಬೇಕಾದರೆ ಮಾತ್ರ ಮನುಷ್ಯನ ಪ್ರಯತ್ನ ಬೇಕು. ಆ ಪ್ರಯತ್ನವನ್ನು ಕಣ್ಣಾರೆ ನೋಡಬೇಕೆಂಬ ಕುತೂಹಲದಿಂದಲೇ ೨೦೨೫ರ ಮೇ ತಿಂಗಳ ಎರಡನೆಯ ವಾರದಲ್ಲಿ ನಾನು ಅಂಕೋಲೆಗೆ ಹೋದದ್ದು.

ಅಂಕೋಲೆಯೆಂದರೆ ನಮ್ಮ ವಾಚಕರಲ್ಲಿ ಅನೇಕರಿಗೆ ೧೯೩೦ರ ಉಪ್ಪಿನ ಸತ್ಯಾಗ್ರಹ ನೆನಪಾಗುತ್ತದೆ. ಸಾಹಿತ್ಯಾಸಕ್ತರಿಗೆ ಚುಟುಕುಗಳ ದಿನಕರ ದೇಸಾಯಿಯವರು ನೆನಪಾಗುತ್ತಾರೆ. ಎರಡೂ ಯೋಗ್ಯವಾದ ನೆನಪುಗಳೇ. ಆದರೆ ಮೇ ತಿಂಗಳಲ್ಲಿ ಅಲ್ಲಿಗೆ ಹೋದವನು ಇತಿಹಾಸವನ್ನೂ ಸಾಹಿತ್ಯವನ್ನೂ ಸ್ವಲ್ಪ ಹೊತ್ತು ಬದಿಗಿಟ್ಟು ತನ್ನ ಮೂಗು ಹೇಳಿದತ್ತ ನಡೆಯಬೇಕು. ಬಸ್ಸು ನಿಲ್ದಾಣದಿಂದ ಪೇಟೆಯತ್ತ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಒಂದು ಪರಿಮಳ ಎದುರುಗೊಳ್ಳುತ್ತದೆ. ಆಪೂಸಿನ ಘಾಟು ಅದಲ್ಲ; ರಸಪುರಿಯ ಮೆದು ಕಂಪೂ ಅಲ್ಲ. ಅದು ಇಶಾಡ.

ರಸ್ತೆಯ ಅಂಚಿನಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿಗಳನ್ನಿಟ್ಟುಕೊಂಡು ಸಾಲಾಗಿ ಕುಳಿತಿರುತ್ತಾರೆ. ಕೊರಳು ಕಾಣದಷ್ಟು ಮಣಿಸರ, ಹೆಗಲ ಮೇಲೆ ಗಂಟು ಹಾಕಿದ ಸೀರೆ, ಎದುರಿಗೆ ಹುಲ್ಲಿನ ಮೇಲೆ ಜೋಡಿಸಿದ ಹಣ್ಣು. ಹಾಡಿಗಾಗಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರೂ ಗಿಡ ಬೆಳೆಸಿದ್ದಕ್ಕಾಗಿ ಪದ್ಮಶ್ರೀ ಪಡೆದ ತುಳಸಿ ಗೌಡರೂ ಇದೇ ಸಮಾಜದವರು, ಇದೇ ತಾಲೂಕಿನವರು. ಇಬ್ಬರೂ ಈಗಿಲ್ಲ. ಈ ಸಾಲಿನಲ್ಲಿ ಕುಳಿತವರಿಗೆ ಯಾವ ಪ್ರಶಸ್ತಿಯೂ ಬಂದಿಲ್ಲವಾದರೂ ವ್ಯಾಪಾರದ ವಿದ್ಯೆಯಲ್ಲಿ ಅವರು ಯಾರಿಗೂ ಕಡಿಮೆಯಲ್ಲ. ಹಣ್ಣನ್ನು ತೂಗುವುದಿಲ್ಲ; ಡಜನಿನ ಲೆಕ್ಕದಲ್ಲಿ ಎಣಿಸಿ ಕೊಡುತ್ತಾರೆ. ಎಣಿಕೆಯಲ್ಲಿ ಮೋಸವಿಲ್ಲ; ಆದರೆ ಯಾವ ಹನ್ನೆರಡು ಎಂಬುದು ಕೊಳ್ಳುವವನ ಜಾಣತನಕ್ಕೆ ಬಿಟ್ಟದ್ದು.

ಇಶಾಡದಲ್ಲಿ ಎರಡು ಬಗೆ: ಕರಿ ಇಶಾಡ, ಬಿಳಿ ಇಶಾಡ. ಕರಿಯದಕ್ಕೆ ಸಿಪ್ಪೆ ತೆಳು, ತಿರುಳು ಹೇರಳ, ಸಿಹಿ ಹೆಚ್ಚು. ಬಿಳಿಯದಕ್ಕೆ ಸಿಪ್ಪೆ ದಪ್ಪ, ತಿರುಳು ಕಡಿಮೆ, ಸಿಹಿಯೂ ಅಷ್ಟಕ್ಕಷ್ಟೆ. ಪರವೂರಿನವರಿಗೆ ಈ ಭೇದ ಗೊತ್ತಿರುವುದಿಲ್ಲವೆಂಬುದು ಮಾರುವವರಿಗೆ ಚೆನ್ನಾಗಿ ಗೊತ್ತು. ಒಬ್ಬ ಅಜ್ಜಿಯನ್ನು ನಾನು ‘ಇದು ಕರಿಯೋ, ಬಿಳಿಯೋ?’ ಎಂದು ಕೇಳಿದೆ. ‘ಮೂಸಿ ನೋಡಿ, ಒಡೆಯಾ, ಮೂಗಿಗೆ ಸುಳ್ಳು ಹೇಳೂಕೆ ಬತ್ತಿಲ್ಲ’ ಎಂದಳು. ಇದಕ್ಕಿಂತ ಒಳ್ಳೆಯ ಜಾಹೀರಾತನ್ನು ನಾನು ಯಾವ ಪತ್ರಿಕೆಯಲ್ಲಿಯೂ ನೋಡಿಲ್ಲ.

ಇಷ್ಟು ರುಚಿಯಾದ ಹಣ್ಣಿಗೆ ಗಿರಾಕಿಗಳ ಕೊರತೆಯೇ ಎಂದು ವಾಚಕರು ಕೇಳಬಹುದು. ಕೊರತೆಯಿರುವುದು ಗಿರಾಕಿಗಳದ್ದಲ್ಲ, ವೇಳೆಯದು. ಇಶಾಡದ ಗುಣವೇ ಅದರ ದೋಷ. ಸಿಪ್ಪೆ ತೆಳುವಾಗಿರುವುದರಿಂದ ತಿನ್ನಲು ಹಿತ. ಸಿಪ್ಪೆ ತೆಳುವಾಗಿರುವುದರಿಂದಲೇ ಪ್ರಯಾಣಕ್ಕೆ ಬಾರದು. ಬಲಿತ ಕಾಯನ್ನು ಕಿತ್ತು ಹುಲ್ಲಿನಲ್ಲಿ ಹಣ್ಣಿಗೆ ಹಾಕಿದರೆ ಐದಾರು ದಿನಗಳಲ್ಲಿ ಹದಕ್ಕೆ ಬರುತ್ತದೆ. ಹದಕ್ಕೆ ಬಂದ ಹಣ್ಣು ಎರಡು ಮೂರು ದಿನ ಕಾದರೆ ಹೆಚ್ಚು. ಅಷ್ಟರೊಳಗೆ ಅದು ಯಾರದಾದರೂ ಬಾಯಿ ಸೇರಬೇಕು. ರತ್ನಾಗಿರಿಯ ಆಪೂಸು ಪೆಟ್ಟಿಗೆಯಲ್ಲಿ ಮಲಗಿ ಮುಂಬಯಿಗೂ, ಅಲ್ಲಿಂದ ವಿಮಾನವೇರಿ ಪರದೇಶಗಳಿಗೂ ಹೋಗುತ್ತದೆ. ಇಶಾಡವಾದರೋ ತವರುಮನೆ ಬಿಟ್ಟಿರಲಾರದ ಹೆಣ್ಣುಮಗಳು.

ಕರಾವಳಿಯ ಋತುಮಾನವೂ ಈ ಹಣ್ಣಿಗೆ ಔದಾರ್ಯ ತೋರುವುದಿಲ್ಲ. ಹಣ್ಣು ಬರುವುದು ಮೇ ತಿಂಗಳಲ್ಲಿ. ಜೂನ್ ಮೊದಲ ವಾರದಲ್ಲಿ ಮುಂಗಾರು ಬಾಗಿಲು ತಟ್ಟುತ್ತದೆ. ಮಳೆಯ ನೀರು ಬಿದ್ದ ಹಣ್ಣಿನ ಮೇಲೆ ಕಪ್ಪು ಚುಕ್ಕೆ ಏಳುತ್ತದೆ, ಹಣ್ಣುನೊಣ ಮೊಟ್ಟೆಯಿಡುತ್ತದೆ. ಒಂದು ವರ್ಷದ ದುಡಿಮೆಯ ಫಲವನ್ನು ಮೂರು ನಾಲ್ಕು ವಾರಗಳ ಈ ಕಿಂಡಿಯಲ್ಲಿ ದಾಟಿಸಬೇಕು.

ನಾನು ಇಳಿದುಕೊಂಡದ್ದು ಗಂಗಾವಳಿಯ ದಂಡೆಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಹುಬ್ಬಳ್ಳಿಯ ನನ್ನ ಗೆಳೆಯನ ಸೋದರತ್ತೆಯ ಮನೆ ಅದು. ಆಕೆ ಮೂವತ್ತಮೂರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಆ ಸೀಮೆಯಲ್ಲಿ ಶಿಕ್ಷಕಿಯನ್ನು ‘ಅಕ್ಕೋರು’ ಎನ್ನುತ್ತಾರೆ; ಊರಿಗೆಲ್ಲ ಆಕೆ ಅಕ್ಕೋರು. ತಮ್ಮನ ಸಂಸಾರದೊಡನೆ ಇರುತ್ತಾರೆ. ಒಂದಿಷ್ಟು ಗದ್ದೆ, ಹತ್ತಿಪ್ಪತ್ತು ತೆಂಗು, ಮನೆಯ ಸುತ್ತ ಒಂಬತ್ತು ಮಾವಿನ ಮರ. ಮರಗಳಿಗೆಲ್ಲ ಹೆಸರುಂಟು: ಬಾವಿಕಟ್ಟೆ ಮರ, ತುಳಸಿ ಮರ, ಕೊಟ್ಟಿಗೆ ಮರ, ದಣಪೆ ಮರ ಹೀಗೆ. ಅಕ್ಕೋರ ಬಳಿ ಒಂದು ಹಳೆಯ ಹಾಜರಿ ಪುಸ್ತಕವಿದೆ. ಮಕ್ಕಳ ಹೆಸರಿನ ಜಾಗದಲ್ಲಿ ಮರಗಳ ಹೆಸರು. ದಿನಾಂಕಗಳ ಎದುರು ಎಷ್ಟು ಡಜನು ಇಳಿಯಿತು, ಎಷ್ಟು ಕೊಳೆಯಿತು, ಯಾರಿಗೆ ಹೋಯಿತು ಎಂಬ ಲೆಕ್ಕ. ಫಲ ಬಾರದ ವರ್ಷ ಮರದ ಎದುರು ‘ಗೈರು’ ಎಂದು ಬರೆದಿರುತ್ತದೆ. ಮಾವಿನ ಮರ ವರ್ಷ ಬಿಟ್ಟು ವರ್ಷ ಫಲ ಕೊಡುವುದು ಸಾಮಾನ್ಯ ಸಂಗತಿ. ಆ ವರ್ಷ ಒಂಬತ್ತರಲ್ಲಿ ಮೂರು ಗೈರು.

ಗೈರಾದ ಆ ಮೂರು ಮರಗಳ ವಿಷಯದಲ್ಲಿಯೇ ಮನೆಯಲ್ಲಿ ಚರ್ಚೆ ನಡೆದಿತ್ತು. ಮರದ ವ್ಯಾಪಾರಿಯೊಬ್ಬ ಬಂದು ನೋಡಿಕೊಂಡು ಹೋಗಿದ್ದ. ಮಾವಿನ ಹಲಗೆಗೆ ಒಳ್ಳೆಯ ಬೆಲೆಯಿಲ್ಲ, ಪೆಟ್ಟಿಗೆ ಮಾಡಲಿಕ್ಕಷ್ಟೆ ಎಂದು ಹೇಳುತ್ತಲೇ ಆತ ಮೂರಕ್ಕೂ ಸೇರಿಸಿ ಒಂದು ಬೆಲೆ ಕಟ್ಟಿದ್ದ. ಅಕ್ಕೋರ ತಮ್ಮನವರ ವಾದ ಸುಲಭವಾಗಿ ತಳ್ಳಿಹಾಕುವಂಥದಲ್ಲ. ‘ಅಜ್ಜ ನೆಟ್ಟದ್ದು ಅಂತ ಇಟ್ಟುಕೊಂಡಿದ್ದೇವೆ. ಮೂವತ್ತು ನಲವತ್ತು ಅಡಿ ಎತ್ತರ. ಹತ್ತುವವರು ಈಗ ಊರಿಗೆ ಇಬ್ಬರು. ಅವರಿಗೆ ಕೂಲಿ ಕೊಟ್ಟು ಇಳಿಸಿದ ಹಣ್ಣನ್ನು ಪೇಟೆಯಲ್ಲಿ ಕೇಳಿದ ಬೆಲೆಗೆ ಕೊಡಬೇಕು. ಆ ಜಾಗದಲ್ಲಿ ಅಡಿಕೆ ಹಾಕಿದರೆ ಒಣಗಿಸಿ ಇಟ್ಟುಕೊಳ್ಳಬಹುದು. ಬೆಲೆ ಬಂದಾಗ ಮಾರಬಹುದು. ಮಾವಿನ ಹಣ್ಣು ಕಾಯುತ್ತದೆಯೇ?’ ಅಕ್ಕೋರು ಇದಕ್ಕೆ ಉತ್ತರ ಕೊಡಲಿಲ್ಲ. ಹಾಜರಿ ಪುಸ್ತಕವನ್ನು ತೆರೆದು ಕುಳಿತರು.

ಸಣ್ಣ ಹಿಡುವಳಿಯವರ ಮಾವು ನಮ್ಮ ನಾಡಿನಲ್ಲಿ ಹೇಗೆ ಮಾರಾಟವಾಗುತ್ತದೆಂಬುದನ್ನು ಇಲ್ಲಿ ತುಸು ವಿವರಿಸಬೇಕು. ಮರ ಹೂಬಿಟ್ಟಾಗ, ಅಥವಾ ಮಿಡಿ ಕಚ್ಚಿದಾಗ, ಗುತ್ತಿಗೆದಾರನು ಬಂದು ಮರವನ್ನು ಒಂದು ಸುತ್ತು ಹಾಕುತ್ತಾನೆ. ಕೊಂಬೆಗಳನ್ನು ನೋಡಿ ಮನಸ್ಸಿನಲ್ಲಿಯೇ ಎಣಿಸಿ ಒಂದು ಮೊತ್ತ ಹೇಳುತ್ತಾನೆ. ಒಪ್ಪಿಗೆಯಾದರೆ ಮುಂಗಡ ಕೊಡುತ್ತಾನೆ. ಆಮೇಲೆ ಕಾಯುವುದು, ಕೀಳಿಸುವುದು, ಸಾಗಿಸುವುದು, ಮಾರುವುದು ಎಲ್ಲವೂ ಅವನದೇ. ಪುಸ್ತಕಗಳಲ್ಲಿ ಈ ಗುತ್ತಿಗೆದಾರನನ್ನು ಸುಲಿಗೆಕೋರನೆಂದು ಚಿತ್ರಿಸುವುದು ವಾಡಿಕೆ. ಅಕ್ಕೋರ ಲೆಕ್ಕದ ಪ್ರಕಾರ ಆತ ಕೊಟ್ಟ ಬೆಲೆ ಡಜನಿಗೆ ಅರುವತ್ತು ರೂಪಾಯಿಯ ಆಸುಪಾಸು ಬೀಳುತ್ತಿತ್ತು. ಅದೇ ಹಣ್ಣಿಗೆ ಹುಬ್ಬಳ್ಳಿಯಲ್ಲಿ ಕೊಳ್ಳುವವರು ಮುನ್ನೂರೈವತ್ತು ಕೊಡಲು ಸಿದ್ಧರಿದ್ದರು. ಈ ಅಂತರವನ್ನು ಕಂಡರೆ ಯಾರಿಗಾದರೂ ಸಿಟ್ಟು ಬರುವುದು ಸಹಜ. ಆದರೆ ಅಂತರದ ನಡುವೆ ಏನೇನು ಅಡಗಿದೆ ಎಂಬುದನ್ನು ಮುಂದೆ ನೋಡೋಣ.

ಅಕ್ಕೋರು ಆ ವರ್ಷ ಮಾಡಿದ್ದು ಅರ್ಧ ಧೈರ್ಯದ ಕೆಲಸ. ಫಲ ಹಿಡಿದ ಆರರಲ್ಲಿ ನಾಲ್ಕು ಮರಗಳನ್ನು ಹನ್ನೊಂದು ಸಾವಿರ ರೂಪಾಯಿಗೆ ಗುತ್ತಿಗೆ ಕೊಟ್ಟು, ಬಾವಿಕಟ್ಟೆ ಮರವನ್ನೂ ತುಳಸಿ ಮರವನ್ನೂ ತಾವೇ ಉಳಿಸಿಕೊಂಡಿದ್ದರು. ಎರಡೂ ಅಪ್ಪಟ ಕರಿ ಇಶಾಡ. ಅವುಗಳಿಗೆ ಗಿರಾಕಿಗಳನ್ನು ಹುಡುಕಿದ ಬಗೆ ಸ್ವಾರಸ್ಯವಾದದ್ದು. ಮೂವತ್ತಮೂರು ವರ್ಷ ಪಾಠ ಹೇಳಿದವರಿಗೆ ಶಿಷ್ಯರೆಲ್ಲಿಲ್ಲ? ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಒಬ್ಬ, ಬ್ಯಾಂಕಿನಲ್ಲಿ ಇಬ್ಬರು, ಆಸ್ಪತ್ರೆಯಲ್ಲಿ ದಾದಿಯಾಗಿರುವವಳು ಒಬ್ಬಳು, ಕಾಲೇಜಿನ ಉಪನ್ಯಾಸಕ ಒಬ್ಬ. ಅಕ್ಕೋರು ಪ್ರತಿಯೊಬ್ಬರಿಗೂ ದೂರವಾಣಿಯಲ್ಲಿ ಮಾತನಾಡಿದರು. ಅವರು ತಮ್ಮ ತಮ್ಮ ನೆರೆಯವರಿಗೆ ಹೇಳಿದರು. ದಾದಿಯಾದವಳು ವಾಟ್ಸಾಪಿನಲ್ಲಿ ಬಾವಿಕಟ್ಟೆ ಮರದ ಚಿತ್ರ ಕಳುಹಿಸಿ ಆಸ್ಪತ್ರೆಯ ಅರ್ಧ ಮಂದಿಯನ್ನು ಒಪ್ಪಿಸಿದಳು. ಹೀಗೆ ಇಪ್ಪತ್ತೊಂಬತ್ತು ಮನೆಗಳ ಪಟ್ಟಿ ಸಿದ್ಧವಾಯಿತು. ‘ಇವರಲ್ಲಿ ನಾಲ್ವರಿಗೆ ನಾನು ಬೆತ್ತದ ರುಚಿ ತೋರಿಸಿದ್ದೇನೆ, ಈಗ ಹಣ್ಣಿನ ರುಚಿ ತೋರಿಸಿ ಸಾಲ ತೀರಿಸಬೇಕು’ ಎಂದು ಅಕ್ಕೋರು ನಕ್ಕರು.

ಮೊದಲ ಕೊಯ್ಲು ನಾನು ಹೋಗುವುದಕ್ಕೆ ನಾಲ್ಕು ದಿನ ಮುಂಚೆ ಆಗಿತ್ತು. ಕೊಯ್ಯುವುದೆಂದರೆ ಅಲ್ಲಾಡಿಸಿ ಉದುರಿಸುವುದಲ್ಲ. ಬಿದ್ದ ಕಾಯಿ ಹೊರಗೆ ಸರಿಯಾಗಿ ಕಂಡರೂ ಒಳಗೆ ಪೆಟ್ಟು ತಿಂದಿರುತ್ತದೆ. ಮೂರನೆಯ ದಿನ ಅಲ್ಲಿಂದಲೇ ಕೊಳೆ ಹೊರಡುತ್ತದೆ. ಬಲೆ ಕಟ್ಟಿದ ಉದ್ದನೆಯ ಕೊಕ್ಕೆಯಿಂದ ಒಂದೊಂದಾಗಿ ಇಳಿಸಬೇಕು, ಅದೂ ತೊಟ್ಟಿನ ತುಣುಕು ಉಳಿಯುವಂತೆ. ತೊಟ್ಟು ಬುಡದಲ್ಲಿಯೇ ಮುರಿದರೆ ಸೊನೆ ಚಿಮ್ಮಿ ಸಿಪ್ಪೆಯನ್ನು ಸುಟ್ಟು ಕಪ್ಪು ಮಾಡುತ್ತದೆ. ಆ ಕಲೆ ರುಚಿಯನ್ನು ಕೆಡಿಸುವುದಿಲ್ಲ, ಬೆಲೆಯನ್ನು ಕೆಡಿಸುತ್ತದೆ. ಮೂವತ್ತನಾಲ್ಕು ಡಜನು ಇಳಿದಿತ್ತು. ಆರಿಸಿದ ಮೇಲೆ ಮೂವತ್ತು ಉಳಿಯಿತು.

ಹಣ್ಣು ಮಾಡುವ ಉಪಾಯದ ಬಗ್ಗೆಯೂ ಒಂದು ಮಾತು. ಪೇಟೆಯ ಅವಸರಕ್ಕೆ ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ; ಎಥಿಲೀನ್ ಅನಿಲವನ್ನು ಹತ್ತು ಲಕ್ಷಕ್ಕೆ ನೂರು ಪಾಲಿನ ಮಿತಿಯೊಳಗೆ ಬಳಸಲು ಅನುಮತಿಯಿದೆ. ಆದರೆ ಅದಕ್ಕೆ ಗಾಳಿಯಾಡದ ಕೋಣೆ, ಯಂತ್ರ, ವಿದ್ಯುತ್ತು ಬೇಕು. ಅಕ್ಕೋರ ಮನೆಯಲ್ಲಿ ಇರುವುದು ಅಟ್ಟ ಮತ್ತು ಬತ್ತದ ಹುಲ್ಲು. ರಾತ್ರಿ ಅಟ್ಟದಿಂದ ಇಳಿದು ಬರುವ ಆ ಕಂಪಿನಲ್ಲಿ ನಿದ್ರೆ ಮಾಡುವುದು ಕಷ್ಟ; ಎದ್ದು ಹೋಗಿ ಒಂದನ್ನು ಕದಿಯಬೇಕೆನಿಸುತ್ತದೆ. ಎಣಿಸಿಟ್ಟದ್ದೆಂಬ ಭಯದಿಂದ ಸುಮ್ಮನಿದ್ದೆ.

ಮರುದಿನ ಇಡೀ ಮನೆ ಪೆಟ್ಟಿಗೆ ಕಟ್ಟಿತು. ರಟ್ಟಿನ ಪೆಟ್ಟಿಗೆ, ತಳದಲ್ಲಿ ಹುಲ್ಲು, ತೊಟ್ಟು ಕೆಳಮುಖವಾಗಿ ಆರು ಹಣ್ಣು, ಮತ್ತೆ ಹುಲ್ಲು, ಮತ್ತೆ ಆರು. ಪ್ರತಿ ಪೆಟ್ಟಿಗೆಯೊಳಗೆ ಅಕ್ಕೋರು ತಮ್ಮ ದುಂಡಕ್ಷರದಲ್ಲಿ ಬರೆದ ಚೀಟಿ: ‘ಬಾವಿಕಟ್ಟೆ ಮರ. ಗುರುವಾರದಿಂದ ತಿನ್ನಬಹುದು. ಭಾನುವಾರ ದಾಟಿಸಬೇಡಿ. ತಂಪು ಪೆಟ್ಟಿಗೆಯಲ್ಲಿ ಇಡಬೇಡಿ.’ ಮಾವನ್ನು ಅತಿಯಾಗಿ ತಂಪಿನಲ್ಲಿಟ್ಟರೆ ಹಣ್ಣಾಗುವುದು ನಿಂತು ಸಿಪ್ಪೆ ಕಂದುಗಟ್ಟುತ್ತದೆಂಬುದು ತಜ್ಞರೂ ಒಪ್ಪುವ ಮಾತು. ಅಕ್ಕೋರು ಅದನ್ನು ಅನುಭವದಿಂದ ತಿಳಿದಿದ್ದರು.

ಬೆಳಗಿನ ಮೊದಲ ಬಸ್ಸಿಗೆ ಮೂವತ್ತು ಪೆಟ್ಟಿಗೆಗಳನ್ನು ಹತ್ತಿಸಿದ್ದು ಒಂದು ಸಾಹಸವೇ ಸರಿ. ನಿರ್ವಾಹಕ ಮೊದಲು ಹುಬ್ಬು ಗಂಟಿಕ್ಕಿದ. ಸಾಮಾನಿನ ಚೀಟಿ ಹರಿದು ಕೊಟ್ಟ ಮೇಲೂ ‘ಇದು ಬಸ್ಸೋ, ಮಾವಿನ ಮಂಡಿಯೋ?’ ಎಂದು ಗೊಣಗಿದ. ಅಕ್ಕೋರ ತಮ್ಮನವರು ಹಿಂದಿನ ಸೀಟಿನಲ್ಲಿ ಪೆಟ್ಟಿಗೆಗಳ ನಡುವೆ ಕುಳಿತು, ಎರಡೂ ಕೈಗಳಿಂದ ಅವುಗಳನ್ನು ಹಿಡಿದುಕೊಂಡರು. ಸುಂಕಸಾಳ, ರಾಮನಗುಳಿ ದಾಟುವವರೆಗೆ ತೊಂದರೆಯಿರಲಿಲ್ಲ. ಅರಬೈಲು ಘಟ್ಟ ಏರತೊಡಗಿದಾಗ ಪ್ರತಿಯೊಂದು ತಿರುವಿನಲ್ಲಿಯೂ ಪೆಟ್ಟಿಗೆಗಳು ಒಂದು ಬದಿಗೆ ಸರಿಯುತ್ತಿದ್ದವು. ಅವರ ಮುಖವೂ ಅತ್ತಲೇ ಸರಿಯುತ್ತಿತ್ತು. ಬಸ್ಸಿನಲ್ಲಿದ್ದವರಿಗೆಲ್ಲ ಕಂಪು ಬಡಿದು ‘ಮಾರುತ್ತೀರಾ?’ ಎಂದು ಕೇಳತೊಡಗಿದರು. ಇಡಗುಂದಿ ದಾಟುವ ಹೊತ್ತಿಗೆ ನಿರ್ವಾಹಕನೂ ಮೆತ್ತಗಾಗಿ ‘ಒಂದು ಡಜನು ನನಗೂ ಸಿಗಬಹುದೇ?’ ಎಂದ. ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಆದರೂ ಮೂವತ್ತನೆಯ ಪೆಟ್ಟಿಗೆ ಅವನದಾಯಿತು.

ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗದ ಮಾತು ೧೯೯೦ರ ದಶಕದಿಂದ ಕೇಳಿಬರುತ್ತಿದೆ. ಕಾಡು ಉಳಿಯಬೇಕೆನ್ನುವವರಿಗೂ ಬಂದರು ಬೆಳೆಯಬೇಕೆನ್ನುವವರಿಗೂ ನಡೆದ ವಾದದಲ್ಲಿ ಅದು ಇನ್ನೂ ಘಟ್ಟ ಇಳಿದಿಲ್ಲ. ಆ ಕಾಡನ್ನು ಕಿಟಕಿಯಿಂದ ನೋಡುತ್ತ ಬಂದ ನನಗೆ ರೈಲು ಬೇಕೆಂದು ಹೇಳಲು ನಾಲಗೆ ಏಳುವುದಿಲ್ಲ. ಪೆಟ್ಟಿಗೆ ಹಿಡಿದು ಕುಳಿತವರನ್ನು ನೋಡಿದಾಗ ಬೇಡವೆನ್ನಲೂ ಏಳುವುದಿಲ್ಲ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬ್ಯಾಂಕಿನ ಶಿಷ್ಯನ ಮನೆಯ ಪಡಸಾಲೆಯೇ ಅಂಗಡಿಯಾಯಿತು. ಸಂಜೆಯ ಹೊತ್ತಿಗೆ ಒಬ್ಬೊಬ್ಬರಾಗಿ ಬಂದರು. ಹುಬ್ಬಳ್ಳಿ-ಧಾರವಾಡದವರಿಗೆ ಮಾವಿನ ವಿಷಯದಲ್ಲಿ ಅಭಿಮಾನ ವಿಶೇಷ. ಧಾರವಾಡದ ಆಪೂಸನ್ನು ಬಿಟ್ಟರೆ ಹಣ್ಣೇ ಇಲ್ಲವೆಂಬ ನಂಬಿಕೆ. ಒಬ್ಬ ಹಿರಿಯರು ಪೆಟ್ಟಿಗೆ ಬಿಚ್ಚಿ, ತೊಟ್ಟಿನ ಬಳಿಯ ಕಲೆ ನೋಡಿ, ‘ಏನ್ರೀ ಇದು, ಹಣ್ಣಿಗೆ ಮಸಿ ಹತ್ತೇತಲ್ಲ? ನಮ್ಮ ಆಪೂಸ ಹೀಂಗಿರಂಗಿಲ್ಲ ಬಿಡ್ರಿ’ ಎಂದರು. ಅಕ್ಕೋರ ತಮ್ಮನವರು ಮಾತನಾಡಲಿಲ್ಲ. ಒಂದು ಹಣ್ಣು ಹೆಚ್ಚಿ ಕೊಟ್ಟರು. ಹಿರಿಯರು ತಿಂದರು, ಗೊರಟನ್ನೂ ಚೀಪಿದರು, ಕೈ ತೊಳೆದು ಬಂದು, ‘ಎರಡು ಡಬ್ಬಿ ಕೊಡ್ರಿ’ ಎಂದರು. ಒಂದೇ ಇತ್ತು.

ಲೆಕ್ಕವನ್ನು ಹಾಜರಿ ಪುಸ್ತಕದಿಂದ ಅನುಮತಿ ಪಡೆದು ಬರೆದುಕೊಂಡಿದ್ದೇನೆ. ಮೂವತ್ತು ಪೆಟ್ಟಿಗೆಗಳಲ್ಲಿ ಎರಡನ್ನು ಒಡೆದು, ಉಳಿದವುಗಳಲ್ಲಿ ಮೆತ್ತಗಾಗಿದ್ದ ಹಣ್ಣುಗಳ ಬದಲಿಗೆ ತುಂಬಬೇಕಾಯಿತು. ಇಪ್ಪತ್ತೆಂಟು ಪೆಟ್ಟಿಗೆ, ಒಂದಕ್ಕೆ ೩೫೦ ರೂಪಾಯಿಯಂತೆ ೯,೮೦೦ ರೂಪಾಯಿ ಕೈಸೇರಿತು. ಮರ ಹತ್ತಿದವರ ಕೂಲಿ ೧,೨೦೦. ರಟ್ಟಿನ ಪೆಟ್ಟಿಗೆ ೯೦೦. ಬಸ್ಸಿನ ಚೀಟಿ, ಸಾಮಾನಿನ ಚೀಟಿ ಸೇರಿ ೯೦೦. ಹುಬ್ಬಳ್ಳಿಯಲ್ಲಿ ಆಟೋರಿಕ್ಷಾ ೬೦೦. ಖರ್ಚು ಕಳೆದು ಉಳಿದದ್ದು ೬,೨೦೦ ರೂಪಾಯಿ. ಡಜನಿಗೆ ಇನ್ನೂರಿಪ್ಪತ್ತರ ಮೇಲೆ ಬಿತ್ತು. ಗುತ್ತಿಗೆದಾರ ಕೊಟ್ಟದ್ದರ ಮೂರುವರೆ ಪಟ್ಟು! ಆದರೆ ಈ ಪುಸ್ತಕದಲ್ಲಿ ಅಕ್ಕೋರ ಕೂಲಿ ಇಲ್ಲ, ತಮ್ಮನವರ ಎರಡು ದಿನಗಳಿಲ್ಲ, ಅವರ ಹೆಂಡತಿ ರಾತ್ರಿ ಹನ್ನೊಂದರವರೆಗೆ ಹುಲ್ಲು ತುಂಬಿದ್ದಿಲ್ಲ, ಶಿಷ್ಯನ ಮನೆಯವರು ಇಪ್ಪತ್ತೆಂಟು ಮಂದಿಗೆ ಚಹ ಕೊಟ್ಟದ್ದಿಲ್ಲ. ಮನೆಮಂದಿಯ ದುಡಿಮೆಗೆ ಬೆಲೆ ಕಟ್ಟದಿರುವುದೇ ನಮ್ಮ ಒಕ್ಕಲುತನದ ಹಳೆಯ ಲಾಭ. ನಾನು ಇದನ್ನು ಹೇಳಿದಾಗ ಅಕ್ಕೋರು, ‘ಅದನ್ನೂ ಬರೆದರೆ ಲಾಭ ಎಲ್ಲಿ ಉಳಿಯುತ್ತದೆ? ಅದಕ್ಕೇ ಬರೆದಿಲ್ಲ’ ಎಂದರು.

ಇಂಥ ಹಣ್ಣಿಗೆ ಸರಕಾರ ಏನೂ ಮಾಡಿಲ್ಲವೆಂದರೆ ತಪ್ಪಾದೀತು. ಅಂಕೋಲೆಯ ಕರಿ ಇಶಾಡಕ್ಕೆ ೨೦೨೩ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ೧೯೯೯ರಲ್ಲಿ ಸಂಸತ್ತು ಮಾಡಿದ, ೨೦೦೩ರಲ್ಲಿ ಜಾರಿಗೆ ಬಂದ ಕಾನೂನಿನ ಮೇರೆಗೆ ಕೊಡುವ ಗೌರವ ಇದು. ಬೇರೆ ಸೀಮೆಯ ಹಣ್ಣನ್ನು ಈ ಹೆಸರಿನಿಂದ ಮಾರುವಂತಿಲ್ಲ. ರತ್ನಾಗಿರಿ, ಸಿಂಧುದುರ್ಗಗಳ ಆಪೂಸಿಗೆ ಇದು ೨೦೧೮ರಲ್ಲಿ ಸಿಕ್ಕಿತ್ತು. ಆದರೆ ಹೆಸರಿನ ರಕ್ಷಣೆ ಬೇರೆ, ಹಣ್ಣಿನ ಸಾಗಾಟ ಬೇರೆ. ಬೆಂಗಳೂರಿನಲ್ಲಿ ಮಾವು ನಿಗಮವು ಲಾಲ್‌ಬಾಗಿನಲ್ಲಿ ಮೇಳ ನಡೆಸುತ್ತದೆ; ಅಂಚೆ ಇಲಾಖೆಯು ೨೦೧೯ರಿಂದ ರೈತರ ಮೂರು ಕಿಲೋ ಪೆಟ್ಟಿಗೆಗಳನ್ನು ಕೊಳ್ಳುವವರ ಮನೆಬಾಗಿಲಿಗೆ ಮುಟ್ಟಿಸುತ್ತಿದೆ. ಅಂಚೆಯಣ್ಣ ಕಾಗದದ ಬದಲು ಮಾವು ತರುವುದು ಯಾರಿಗೆ ಬೇಡ? ಕೋಲಾರ, ರಾಮನಗರಗಳ ಬಾದಾಮಿಗೆ, ಮಲ್ಲಿಕಾಕ್ಕೆ ಅದು ಒಗ್ಗಿದೆ. ಅಂಕೋಲೆಯ ತೆಳು ಸಿಪ್ಪೆಗೆ ಬೆಂಗಳೂರು ದೂರ. ತಾಜಾ ಹಣ್ಣಿಗೆ ಹುಬ್ಬಳ್ಳಿ, ಕಾರವಾರ, ಗೋವೆ, ಇಷ್ಟೇ ಅದರ ಸ್ವಾಭಾವಿಕ ಪ್ರಪಂಚ. ಅದಕ್ಕೂ ಆಚೆಗೆ ಹೋಗಬೇಕಾದರೆ ರಸವಾಗಿ ಡಬ್ಬಿಯಲ್ಲಿ ಹೋಗಬೇಕು. ಅಂಕೋಲೆಯಲ್ಲಿ ರಸವನ್ನು ಡಬ್ಬಿಗೆ ತುಂಬುವ ಕೆಲಸ ನಡೆಯುತ್ತದೆ. ಸಕ್ಕರೆಯ ಪಾಕದಲ್ಲಿದ್ದರೂ ಡಬ್ಬಿ ತೆರೆದೊಡನೆ ಇಶಾಡವೆಂದು ಗುರುತು ಹತ್ತುತ್ತದೆ.

ಕಾರ್ಖಾನೆಯೊಂದನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ಅದೇ ವರ್ಷದ ಜೂನ್ ತಿಂಗಳಲ್ಲಿ ಕೋಲಾರದ ಕಡೆಯಿಂದ ಸುದ್ದಿ ಬಂತು. ಶ್ರೀನಿವಾಸಪುರದ ತೋತಾಪುರಿ ಹೆಚ್ಚಾಗಿ ರಸದ ಕಾರ್ಖಾನೆಗೆ ಹೋಗುವ ಹಣ್ಣು. ಕಾರ್ಖಾನೆಗಳಿರುವುದು ಗಡಿಯಾಚೆಯ ಚಿತ್ತೂರಿನಲ್ಲಿ. ೨೦೨೫ರ ಜೂನ್ ೭ರಂದು ಚಿತ್ತೂರು ಜಿಲ್ಲಾಡಳಿತವು ಕರ್ನಾಟಕದ ತೋತಾಪುರಿ ಒಳಬಾರದೆಂದು ತಡೆಯಿತು. ಲಾರಿಗಳು ನಿಂತವು, ಬೆಲೆ ನೆಲ ಕಚ್ಚಿತು, ರೈತರು ಬೀದಿಗಿಳಿದರು. ಕೊನೆಗೆ ಕೇಂದ್ರ ಸರಕಾರವು ಕ್ವಿಂಟಲಿಗೆ ೧,೬೧೬ ರೂಪಾಯಿಯ ಬೆಲೆ ಗೊತ್ತುಮಾಡಿ, ಎರಡೂವರೆ ಲಕ್ಷ ಟನ್ನಿನವರೆಗೆ ನೆರವಿಗೆ ಒಪ್ಪಿತು. ಕಿಲೋಗೆ ಹದಿನಾರು ರೂಪಾಯಿ! ತೋಟಗಟ್ಟಲೆ ಬೆಳೆಯುವವರ ಪಾಡು ಅದಾದರೆ, ಒಂಬತ್ತು ಮರದವರು ಇಪ್ಪತ್ತೊಂಬತ್ತು ಮನೆಗಳ ಪಟ್ಟಿಯನ್ನು ಜೋಪಾನ ಮಾಡುವುದರಲ್ಲಿ ಆಶ್ಚರ್ಯವೇನಿದೆ?

ಆದರೆ ಪಟ್ಟಿಯೂ ಮಳೆಯನ್ನು ತಡೆಯಲಾರದು. ಎರಡನೆಯ ಕೊಯ್ಲನ್ನು ಮೇ ೨೨ಕ್ಕೆ ಗೊತ್ತುಮಾಡಲಾಗಿತ್ತು. ಹುಬ್ಬಳ್ಳಿಯಲ್ಲಿ ನಲವತ್ತು ಡಜನಿಗೆ ಬೇಡಿಕೆ ಬಂದಿತ್ತು. ಇಬ್ಬರು ಹಣವನ್ನೂ ಕಳುಹಿಸಿದ್ದರು. ಮೇ ಮೂರನೆಯ ವಾರದಲ್ಲಿಯೇ ಕರಾವಳಿಯ ಮೇಲೆ ಮೋಡ ಕವಿದು ಮಳೆ ಹಿಡಿಯಿತು. ಮುಂಗಾರು ಆ ವರ್ಷ ಮೇ ೨೪ಕ್ಕೇ ಕೇರಳವನ್ನು ಮುಟ್ಟಿತು. ೨೦೦೯ರ ನಂತರ ಅದು ಅಷ್ಟು ಬೇಗ ಬಂದುದು ಅದೇ ಮೊದಲು. ಒದ್ದೆ ಕೊಂಬೆಯನ್ನು ಹತ್ತಲು ಯಾರೂ ಒಪ್ಪಲಿಲ್ಲ, ಒಪ್ಪಿಸಲು ಅಕ್ಕೋರಿಗೂ ಮನಸ್ಸಾಗಲಿಲ್ಲ. ಗಾಳಿಗೆ ಬಿದ್ದದ್ದು ಬಿತ್ತು. ಉಳಿದದ್ದಕ್ಕೆ ಕಪ್ಪು ಚುಕ್ಕೆ ಎದ್ದಿತು. ಬಿಸಿಲಿದ್ದರೆ ರಸವನ್ನು ಚಾಪೆಯ ಮೇಲೆ ಹಚ್ಚಿ ಹಣ್ಣಿನ ಹಪ್ಪಳ ಮಾಡಬಹುದಿತ್ತು. ಬಿಸಿಲೇ ಇಲ್ಲದಿದ್ದರಿಂದ ಬೆಲ್ಲ ಹಾಕಿ ಒಲೆಯ ಮೇಲೆ ಕಾಸಿ ಭರಣಿಗಳಲ್ಲಿ ತುಂಬಿದರಂತೆ. ಹಣ ಕಳುಹಿಸಿದ ಇಬ್ಬರಿಗೂ ಒಂದೊಂದು ಭರಣಿ ಹೋಯಿತು. ಹಣವೂ ಹಿಂದಕ್ಕೆ ಹೋಯಿತು.

ಗುತ್ತಿಗೆದಾರನ ಪಾಡು ಇನ್ನೂ ಕಷ್ಟದ್ದು. ಅವನು ನಾಲ್ಕು ಮರಗಳಲ್ಲಿ ಅರ್ಧ ಮಾತ್ರ ಇಳಿಸಿದ್ದ. ಅಂಥ ಇನ್ನೂ ಹತ್ತು ಮನೆಗಳ ಮರಗಳನ್ನು ಹಿಡಿದಿದ್ದನಂತೆ. ಆದರೂ ಅಕ್ಕೋರ ಹನ್ನೊಂದು ಸಾವಿರದಲ್ಲಿ ಒಂದು ರೂಪಾಯಿಯನ್ನೂ ಮುರಿದುಕೊಳ್ಳಲಿಲ್ಲ. ಡಜನಿಗೆ ಅರುವತ್ತು ಮತ್ತು ಮುನ್ನೂರೈವತ್ತರ ನಡುವಿನ ಅಂತರದಲ್ಲಿ ಏನಡಗಿದೆಯೆಂದು ಹಿಂದೆ ಹೇಳಿದೆನಷ್ಟೆ. ಅದರಲ್ಲಿ ಈ ಮಳೆಯೂ ಅಡಗಿತ್ತು. ಅವನು ಕೊಂಡದ್ದು ಹಣ್ಣನ್ನು ಮಾತ್ರವಲ್ಲ, ಮೇ ತಿಂಗಳ ಆಕಾಶವನ್ನೂ ಸೇರಿಸಿ. ಒಳ್ಳೆಯ ವರ್ಷಗಳಲ್ಲಿ ಅವನು ಅದಕ್ಕೆ ದುಬಾರಿ ಬೆಲೆ ಪಡೆಯುತ್ತಾನೆಂಬುದೂ ನಿಜ. ಅಕ್ಕೋರು ಮುಂದಿನ ವರ್ಷವೂ ಅರ್ಧ ಮರಗಳನ್ನು ಅವನಿಗೇ ಕೊಡುವ ಆಲೋಚನೆಯಲ್ಲಿದ್ದರು. ಅದು ವಿವೇಕವೆಂದೇ ನನಗೂ ತೋರಿತು.

ದೀಪಾವಳಿಯ ಹೊತ್ತಿಗೆ ಗೆಳೆಯನ ಮನೆಗೆ ಅಕ್ಕೋರ ಕಾಗದ ಬಂದಿತ್ತು. ಗೈರಾಗಿದ್ದ ಮೂರು ಮರಗಳಲ್ಲಿ ಎರಡು ಉಳಿದುಕೊಂಡಿವೆ. ಕೊಟ್ಟಿಗೆಯ ಮೇಲೆ ಬಾಗಿದ್ದ ಬಿಳಿ ಇಶಾಡವನ್ನು ಮರದ ವ್ಯಾಪಾರಿಗೆ ಕೊಡಲಾಯಿತು. ಮಳೆಗಾಲದಲ್ಲಿ ಅದು ದನಗಳ ಮೇಲೆ ಬೀಳುವ ಭಯವಿತ್ತು. ಅದರ ಜಾಗದಲ್ಲಿ ಅಡಿಕೆ ಹಾಕುವುದೋ, ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅಕ್ಕೋರ ತಮ್ಮನವರು ಮಳೆಗಾಲದಲ್ಲಿ ಬಾವಿಕಟ್ಟೆ ಮರದ ಕಡ್ಡಿ ತಂದು ಮೂವತ್ತು ಸಸಿಗಳಿಗೆ ಕಸಿ ಕಟ್ಟಿದ್ದಾರೆ. ಕಸಿಯ ಗಿಡ ಗಿಡ್ಡವಾಗಿ ಬೆಳೆಯುತ್ತದೆ. ನೆಲದಲ್ಲಿ ನಿಂತೇ ಕೊಯ್ಯಬಹುದು, ಮರ ಹತ್ತುವವರಿಗೆ ಕಾಯಬೇಕಿಲ್ಲ. ಇಪ್ಪತ್ತೆರಡು ಚಿಗುರಿವೆ. ಹತ್ತನ್ನು ತಾವೇ ನೆಟ್ಟಿದ್ದಾರೆ, ಎಂಟನ್ನು ಊರವರು ಒಯ್ದಿದ್ದಾರೆ. ಉಳಿದ ನಾಲ್ಕನ್ನು ಗುತ್ತಿಗೆದಾರ ಬಂದು, ಚೌಕಾಸಿ ಮಾಡದೆ, ಹೇಳಿದ ಬೆಲೆ ಕೊಟ್ಟು ಕೊಂಡುಹೋದನಂತೆ.